ಎಡಗಡೆ ಮುನ್ನೂರು

ಮೊದಲು ಕಂಡದ್ದು ಒಂದು ಗೆರೆ. ಬಚ್ಚಲಿನ ಮೂಲೆಯಲ್ಲಿ, ನೀರು ಹರಿದುಹೋಗುವ ತೂತಿನ ಅಂಚಿಗೆ ಅಂಟಿಕೊಂಡ ಕೆಂಪು ಗೆರೆ. ಅಪ್ಪ ಆಗಷ್ಟೇ ಹೊರಗೆ ಬಂದಿದ್ದ. ಒಳಗಿದ್ದಾಗ ನಾಲ್ಕು ತಂಬಿಗೆ ನೀರು ಸುರಿದ ಸಪ್ಪಳ ಕೇಳಿಸಿತ್ತು. ಒಮ್ಮೆ ಉಚ್ಚೆ ಹೊಯ್ದದ್ದಕ್ಕೆ ನಾಲ್ಕು ತಂಬಿಗೆ ನೀರು ಹಾಕುವ ಮನುಷ್ಯನಲ್ಲ ಅವನು.

"ಏನಪ್ಪಾ ಇದು?" ಎಂದೆ.

"ನಿನ್ನಿ ಬೀಟ್‌ರೂಟ್ ಪಲ್ಯ ಮಾಡಿದ್ದೆಲ್ಲಾ, ಅದ" ಎಂದ.

ನನಗೆ ನೆನಪಿರುವುದು ಹೀಗೆ. ಡೈರಿಯಲ್ಲಿ ಬೇರೆ ಇದೆ. ಯುಗಾದಿಯ ಮರುದಿನದ ಪುಟದಲ್ಲಿ "ಬಚ್ಚಲಲ್ಲಿ ಕೆಂಪು. ಬೀಟ್‌ರೂಟ್?" ಎಂದು ಬರೆದಿದ್ದೇನೆ. ಅಪ್ಪನನ್ನು ಕೇಳಿದ ಮಾತು ಬರುವುದು ಹನ್ನೊಂದು ದಿನಗಳ ನಂತರದ ಪುಟದಲ್ಲಿ. ನಡುವಿನ ದಿನಗಳಲ್ಲಿ ಎರಡು ಸಲ "ಬಚ್ಚಲು ತಿಕ್ಕಿದೆ, ಫಿನಾಯಿಲ್ ಮುಗಿಯಿತು" ಎಂದಿದೆ. ಅಂದರೆ ನಾನು ಕೇಳುವ ಮೊದಲು ತೊಳೆದಿದ್ದೇನೆ. ಹನ್ನೊಂದು ದಿನ ತೊಳೆದಿದ್ದೇನೆ.

ಬೀಟ್‌ರೂಟ್ ಪಲ್ಯ ಮಾಡಿದ್ದೆನೋ ಇಲ್ಲವೋ, ಅದು ಎಲ್ಲಿಯೂ ಇಲ್ಲ.

ನಾನು ಕುಷ್ಟಗಿಯಲ್ಲಿ ಪಿಯು ಕಾಲೇಜಿನ ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಯಾವುದೇ ದಾಖಲೆ ಕೈಗೆ ಬಂದರೆ ಅದನ್ನು ಯಾರು ಬರೆದರು, ಯಾರಿಗೆ ತೋರಿಸಲು ಬರೆದರು ಎಂದು ಮೊದಲು ಕೇಳಿಕೊಳ್ಳಿ ಎಂದು ಪ್ರತಿ ವರ್ಷ ಹೇಳುತ್ತೇನೆ. ನನ್ನ ಮನೆಯಲ್ಲಿ, ನನ್ನ ಅಡುಗೆಮನೆಯ ಕಪಾಟಿನ ಮೇಲಿದ್ದ ಒಂದು ನೋಟ್‌ಬುಕ್ಕಿಗೆ ಆ ಪ್ರಶ್ನೆಯನ್ನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದನ್ನು ಮರೆಯುವ ಮೊದಲು, ಅಥವಾ ನನಗೆ ಅನುಕೂಲವಾಗುವಂತೆ ನೆನಪಿಟ್ಟುಕೊಳ್ಳುವ ಮೊದಲು, ಬರೆದಿಡಬೇಕು.

ಅಪ್ಪನಿಗೆ ಎಪ್ಪತ್ತಾರು. ಗಂಗಾವತಿ ಕಡೆಯ ಒಂದು ಉಪಕಾಲುವೆಯ ಮೇಲೆ ಗೇಟು ಎತ್ತಿ ಇಳಿಸುವ, ದಿನಕ್ಕೆರಡು ಸಲ ನೀರಿನ ಮಟ್ಟ ಬರೆದಿಡುವ ಕೆಲಸವನ್ನು ಮೂವತ್ತು ವರ್ಷ ಮಾಡಿದವನು. ದಿನಕ್ಕೆ ಎರಡು ಕಟ್ಟು ಬೀಡಿ ಸೇದಿದವನು. ಅವ್ವ ಹೋದ ಮೇಲೆ ನನ್ನ ಹತ್ತಿರ ಬಂದ. ನನ್ನ ಗಂಡನಿಗೆ ರಾಯಚೂರಿನಲ್ಲಿ ನೌಕರಿ. ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಹಾಗಾಗಿ ವಾರದ ಐದು ದಿನ ಮನೆಯಲ್ಲಿ ಅಪ್ಪ ಮತ್ತು ನಾನು.

ಕೆಂಪು ಒಮ್ಮೆ ಬರುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ನಿಂತಾಗ ಇಬ್ಬರೂ ಸುಮ್ಮನಿರುತ್ತಿದ್ದೆವು. ಆಮೇಲೆ ಹೊಕ್ಕುಳ ಕೆಳಗೆ ಒಂದು ಗಂಟು ಎದ್ದಿತು. ಕಡಲೆ ಗಾತ್ರದ್ದು, ನೇರಳೆ ಬಣ್ಣದ್ದು. ಅದೇ ಹೊತ್ತಿಗೆ ಅಪ್ಪನ ತಂಗಿ ದ್ಯಾಮವ್ವತ್ತಿ ಅಣ್ಣನನ್ನು ನೋಡಲು ಅಳವಂಡಿಯಿಂದ ಬಂದಳು. ಅಪ್ಪನ ಅಂಗಿ ಎತ್ತಿ ಒಮ್ಮೆ ನೋಡಿದಳು, ತೀರ್ಪು ಕೊಟ್ಟಳು.

"ಕುರು ಇದು. ಮೈಯಾಗ ಕಾವು ಹೊಕ್ಕೈತಿ. ಕಾವಿಗೇ ಉಚ್ಚಿ ಕೆಂಪಾಗೈತಿ, ಕಾವಿಗೇ ಕುರು ಎದ್ದೈತಿ. ಎಲ್ಡೂ ಒಂದ ಬ್ಯಾನಿ."

"ಡಾಕ್ಟ್ರಿಗೆ ತೋರ್ಸೂಣು ಅತ್ತಿ."

"ತೋರ್ಸು, ಯಾರು ಬ್ಯಾಡ ಅಂತಾರ? ನೀ ಓದಿದಾಕಿ. ಅಲ್ಲೀತನಾ ಎಲ್ಡು ಉಳ್ಳಾಗಡ್ಡಿ ಸುಡು."

ಸುಟ್ಟ ಉಳ್ಳಾಗಡ್ಡಿಗೆ ಅರಿಶಿಣ ಹಚ್ಚಿ ಬಿಸಿಯಾಗಿಯೇ ಕಟ್ಟಿದಳು. ಹತ್ತು ದಿನ ಕಟ್ಟಿದಳು. ಗಂಟು ಒಡೆಯಿತು. ಕೀವು ಬರಲಿಲ್ಲ. ತಿಳಿಯಾದ, ಜಿಗುಟಾದ ನೀರು ಬಂತು. ಅದರ ವಾಸನೆ ನನ್ನ ಕೂದಲಿನೊಳಗೆ ಸೇರಿಕೊಂಡಿತು. ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗ ಕೂದಲು ಮುಂದೆ ಬಿದ್ದರೆ ವಾಂತಿ ಬಂದ ಹಾಗಾಗುತ್ತಿತ್ತು. ಸುಟ್ಟ ಉಳ್ಳಾಗಡ್ಡಿ, ಅರಿಶಿಣ, ಅದರಡಿಯಲ್ಲಿ ಇನ್ನೇನೋ. ಸತ್ತ ಇಲಿಯ ಹಾಗೆ ಎಂದು ಡೈರಿಯಲ್ಲಿ ಬರೆದು ಹೊಡೆದು ಹಾಕಿದ್ದೇನೆ. ಹೊಡೆದದ್ದು ಇನ್ನೂ ಓದಲು ಬರುತ್ತದೆ.

ಅತ್ತಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಆದರೆ ಎರಡೂ ಒಂದೇ ಬೇನೆ ಎಂದು ಮೊದಲು ಹೇಳಿದವಳು ಅವಳೇ. ಡಾಕ್ಟರರು ಅದನ್ನು ಹೇಳಲು ಎರಡು ತಿಂಗಳು ಹಿಡಿಯಿತು.

ಕೊಪ್ಪಳದಲ್ಲಿ ಸ್ಕ್ಯಾನ್ ಆಯಿತು. ಮೂತ್ರಚೀಲದಲ್ಲಿ ಗಡ್ಡೆ. ಕೆಳಗಿನಿಂದ ಯಂತ್ರ ಹಾಕಿ ಕೆರೆದು ತೆಗೆದರು, ತುಂಡನ್ನು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂದ ಮೇಲೆ ಹುಬ್ಬಳ್ಳಿಗೆ ಹೋಗಿ ಎಂದರು. ಯಲಬುರ್ಗಾ, ಕುಕನೂರು, ಗದಗ ದಾಟಿ ಹುಬ್ಬಳ್ಳಿ. ದಾರಿಯುದ್ದಕ್ಕೂ ಅಪ್ಪ ಅಲ್ಲಲ್ಲಿ ಗಾಡಿ ನಿಲ್ಲಿಸಲು ಹೇಳುತ್ತಿದ್ದ. ಜಾಲಿ ಗಿಡದ ಮರೆಗೆ ಹೋಗಿ ತುಂಬಾ ಹೊತ್ತು ನಿಲ್ಲುತ್ತಿದ್ದ. ನಾನು ಇನ್ನೊಂದು ಕಡೆ ಮುಖ ಮಾಡಿ ಕೂಡುತ್ತಿದ್ದೆ.

ಹುಬ್ಬಳ್ಳಿಯ ಡಾಕ್ಟರ್ ನನಗಿಂತ ಚಿಕ್ಕವಳು. ಹೊಕ್ಕುಳ ಕೆಳಗಿನ ಹುಣ್ಣನ್ನು ನೋಡಿ ಅವಳ ಮುಖ ಬದಲಾಗಲಿಲ್ಲ. ಕೈಗವಸು ಹಾಕಿ ಬೆರಳಿನಿಂದ ಒತ್ತಿ ನೋಡಿದಳು. ಅದರದ್ದೂ ತುಂಡು ತೆಗೆದು ಕಳಿಸಿದಳು. ವಾರ ಬಿಟ್ಟು ಕರೆದಳು.

"ಇದು ಕುರು ಅಲ್ರೀ. ಮೂತ್ರಚೀಲದ ಕ್ಯಾನ್ಸರ್ರೇ ಸ್ಕಿನ್‌ಗೆ ಬಂದದ. ಹಬ್ಬಿದ್ರ ಹೆಚ್ಚಾಗಿ ಲಿಂಫ್ ನೋಡ್‌ಗೆ, ಎಲುಬಿಗೆ, ಲಂಗ್ಸ್‌ಗೆ ಹೋಗ್ತದ. ಚರ್ಮಕ್ಕ ಬರೂದು ಭಾಳ ಅಪರೂಪ."

ಅಪರೂಪ.

ಮದುವೆ ಸೀರೆಗೆ, ದೂರದಿಂದ ಬಂದ ನೆಂಟರಿಗೆ ನಾವು ಬಳಸುವ ಶಬ್ದ. ನಾವು ಆ ಅಪರೂಪಕ್ಕೆ ಉಳ್ಳಾಗಡ್ಡಿ ಕಟ್ಟಿದ್ದೆವು.

ಅವಳು ಉಳಿದದ್ದನ್ನೂ ಬಿಡಿಸಿ ಹೇಳಿದಳು. ಗಡ್ಡೆ ಎರಡೂ ಕಿಡ್ನಿಯಿಂದ ಬರುವ ನಾಳಗಳನ್ನು ಒತ್ತಿದೆ. ಮೂತ್ರ ಕೆಳಗಿಳಿಯದೆ ಕಿಡ್ನಿ ಊದಿದೆ. ಕಿಡ್ನಿ ಸೋಸಿ ಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿದೆ. ಅದು ಇಳಿಯದೆ ಕೀಮೋ ಕೊಡಲು ಬರುವುದಿಲ್ಲ. ಈ ವಯಸ್ಸಿನಲ್ಲಿ, ಕೆಟ್ಟ ಕಿಡ್ನಿಗೆ ಕೊಟ್ಟರೆ ಔಷಧವೇ ವಿಷವಾಗುತ್ತದೆ. ಆದ್ದರಿಂದ ಮೊದಲು ಬೆನ್ನಿನಿಂದ ಎರಡೂ ಕಿಡ್ನಿಗೆ ಒಂದೊಂದು ಟ್ಯೂಬ್ ಹಾಕಬೇಕು. ಮೂತ್ರ ಹೊರಗಿನ ಎರಡು ಚೀಲಗಳಿಗೆ ಬರುತ್ತದೆ. ಮೂರು ವಾರ ನೋಡೋಣ.

"ಎಡ ಬಲ ಬ್ಯಾರೆ ಬ್ಯಾರೆ ಅಳದು ಬರೀರಿ. ಮುಂಜಾನೆ ಆರಕ್ಕ, ಸಂಜಿ ಆರಕ್ಕ. ದಿನಕ್ಕ ಎರಡೂ ಸೇರಿ ಸಾವಿರ ಎಂ.ಎಲ್. ಮ್ಯಾಲ ಬರಬೇಕು ನೋಡ್ರಿ."

ಅಷ್ಟು ದಿನಗಳಲ್ಲಿ ಮೊದಲ ಸಲ ಅಪ್ಪನ ಮುಖದಲ್ಲಿ ಕಳೆ ಬಂತು.

"ಮುಂಜಾನಿ ಆರು, ಸಂಜಿ ಆರು! ಇದು ನನ್ನ ಹಳೀ ಡ್ಯೂಟೀರಿ ಡಾಕ್ಟ್ರ. ಮೂವತ್ತು ವರ್ಷ ಕಾಲುವಿ ಗೇಜ್ ಬರದಾಂವ ನಾನು."

"ಹಂಗಾರ ನಿಮಗ ಹೇಳಿಕೊಡೂದು ಏನಿಲ್ಲ ಬಿಡ್ರಿ ಅಜ್ಜಾರ."

"ಏನಿಲ್ರಿ. ನೀರು ಬಿಡ್ರಿ ನೀವು, ಲೆಕ್ಕ ನಾ ಇಡ್ತೀನಿ."

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಟ್ಯೂಬ್ ಹಾಕಿಸಿಕೊಂಡು ಮನೆಗೆ ಬಂದೆವು. ಎರಡೂ ತೊಡೆಗೆ ಒಂದೊಂದು ಚೀಲ, ಕೆಳಗೆ ಸಣ್ಣ ನಲ್ಲಿ. ಮೊದಲ ಸಂಜೆ ನಾನು ಅಳತೆಯ ಜಗ್ ಹಿಡಿದು ಅವನ ಕೋಣೆಯ ಬಾಗಿಲಲ್ಲಿ ನಿಂತೆ.

"ಇಲ್ಲಿಟ್ಟು ಹೋಗು. ಮಗಳ ಕೈಲೆ ಉಚ್ಚಿ ಹೊರಸಿದ ಅನಸ್ಕೋಬೇಕೇನು ನಾನು?"

"ಅದರಾಗೇನೈತಪ್ಪಾ."

"ಏನೈತಿ ಅಂತ ನನಗ ಗೊತ್ತೈತಿ. ನಡಿ ನೀನು."

ಜಗ್ ಇಟ್ಟು ಬಂದೆ. ಅಡುಗೆಮನೆಗೆ ಬಂದು ಉಸಿರು ಬಿಟ್ಟೆ. ಆ ಬಾಗಿಲಲ್ಲಿ ನಿಂತಷ್ಟು ಹೊತ್ತೂ ಉಸಿರು ಹಿಡಿದಿದ್ದೆ ಎಂಬುದು ಆಗ ಗೊತ್ತಾಯಿತು. ಅವನಿಗೆ ನಾಚಿಕೆ, ನನಗೆ ಹೇಸಿಗೆ. ಎರಡೂ ಒಂದಕ್ಕೊಂದು ಒಳ್ಳೆಯ ನೆರೆಹೊರೆಯವರ ಹಾಗೆ ಹೊಂದಿಕೊಂಡವು. ಅವನ ನಾಚಿಕೆಗೆ ಗೌರವ ಕೊಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ, ಡೈರಿಯಲ್ಲಿಯೂ ಹಾಗೆಯೇ ಬರೆದೆ.

ಹೇಸಿಗೆಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಅವನ ಪಂಚೆಯನ್ನು ಕೋಲಿನಿಂದ ಎತ್ತಿ ಬಕೆಟಿಗೆ ಹಾಕುತ್ತಿದ್ದೆ. ಅವನು ಕುಡಿದಿಟ್ಟ ಲೋಟವನ್ನು ಬೇರೆ ತೊಳೆಯುತ್ತಿದ್ದೆ, ಈ ರೋಗ ಲೋಟದಿಂದ ಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ. ರೊಟ್ಟಿ ಮುರಿಯಲು ಕೈ ಬಾಯಿಯ ಹತ್ತಿರ ಬಂದರೆ ಹುಣ್ಣಿನ ವಾಸನೆ ಬಂದ ಹಾಗಾಗಿ ಚಮಚೆಯಲ್ಲಿ ಅನ್ನ ಉಣ್ಣಲು ಶುರು ಮಾಡಿದೆ. ನೋಡಲು ಬಂದವರು ಸೆರಗು ಮೂಗಿಗೆ ಹಿಡಿದು "ಸೇವಾ ಮಾಡವಾ, ಪುಣ್ಯ ಬರ್ತೈತಿ" ಎನ್ನುವಾಗ ಅವರ ಮೇಲೂ ಹೇಸಿಗೆ. ಸ್ಟಾಫ್ ರೂಮಿನಲ್ಲಿ "ನಿಮ್ಮಂಥ ಮಗಳು ಯಾರಿಗಿದ್ದಾರು ಮೇಡಂ" ಎಂದಾಗ ತಲೆ ತಗ್ಗಿಸಿ ಅದನ್ನು ಸ್ವೀಕರಿಸಿದೆನಲ್ಲ, ಅದರ ಮೇಲೆ ಎಲ್ಲಕ್ಕಿಂತ ಹೆಚ್ಚು.

ನೋಟ್‌ಬುಕ್ಕಿಗೆ ಗೆರೆ ಹಾಕಿಕೊಟ್ಟವಳು ನಾನು. ದಿನಾಂಕ, ಮುಂಜಾನೆ, ಸಂಜೆ, ಎಡ, ಬಲ. ಅಂಕಿ ಅಪ್ಪನವು. ಎಡಗಡೆ ಮುನ್ನೂರು, ಬಲಗಡೆ ಮುನ್ನೂರೈವತ್ತು. ಎಡಗಡೆ ಮುನ್ನೂರು, ಬಲಗಡೆ ಮುನ್ನೂರು. ದುಂಡಾದ, ಒಂದರ ಕೆಳಗೊಂದು ಸಾಲಾಗಿ ನಿಂತ ಅಂಕಿಗಳು. ದಿನವೂ ಸಂಜೆ ಅವುಗಳ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸುತ್ತಿದ್ದೆ. ಅಲ್ಲಿಂದ ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ಎರಡು ವಾರ ಹೀಗೆ ಚೆನ್ನಾಗಿ ನಡೆಯಿತು. ಹಾಗೆಂದು ನಾನು ತಿಳಿದಿದ್ದೆ.

ಹದಿನೈದನೆಯ ದಿನ ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಅಪ್ಪ ಎರಡು ಕೌದಿ ಹೊದ್ದು ನಡುಗುತ್ತಿದ್ದ. ಹೊರಗೆ ಬಿಸಿಲು ಸುಡುತ್ತಿತ್ತು. ಬೆನ್ನಿನ ಎಡಬದಿಯ ಬ್ಯಾಂಡೇಜು ಒದ್ದೆಯಾಗಿತ್ತು, ಹಳದಿಯಾಗಿತ್ತು. ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಹೊರಟೆವು. ದಾರಿಯಲ್ಲಿ ಅವನು ಅತ್ತಿಯ ಹೆಸರನ್ನು, ಅವ್ವನ ಹೆಸರನ್ನು, ಯಾವುದೋ ಗೇಟಿನ ನಂಬರನ್ನು ಕೂಗಿದ.

ಡಾಕ್ಟರ್ ಕೇಳಿದಳು: "ಎಡಗಡೆ ಎಷ್ಟು ಬರ್ತಿತ್ತು?"

ನಾನು ನೋಟ್‌ಬುಕ್ ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ.

ಅವಳು ಎಡಗಡೆಯ ಟ್ಯೂಬಿಗೆ ಸಿರಿಂಜು ಹಚ್ಚಿ ನೀರು ಒಳಗೆ ಬಿಡಲು ನೋಡಿದಳು. ಹೋಗಲಿಲ್ಲ. ಮತ್ತೆ ನೋಡಿದಳು. ಆಮೇಲೆ ಹಿಂದಕ್ಕೆ ಎಳೆದಳು. ಸಿರಿಂಜಿನೊಳಗೆ ಬಂದದ್ದು ಕೆಟ್ಟ ಮಜ್ಜಿಗೆಯ ಹಾಗಿತ್ತು.

"ಈ ಟ್ಯೂಬ್ ಕಟ್ಟಿಕೊಂಡು ನಾಲ್ಕೈದು ದಿನಾ ಆಗಿರಬೇಕ್ರಿ. ಇದರಿಂದ ಏನೂ ಬಂದಿಲ್ಲ."

ಪುಸ್ತಕದಲ್ಲಿ ಆ ಮುಂಜಾನೆಯೂ ಎಡಗಡೆ ಮುನ್ನೂರು ಇತ್ತು.

ಟ್ಯೂಬ್ ಬದಲಿಸಿದರು. ಕೀವು ತೆಗೆದರು. ಹನ್ನೆರಡು ದಿನ ವಾರ್ಡಿನಲ್ಲಿದ್ದೆವು. ಮೊದಲ ಮೂರು ದಿನ ಉಳಿಯುತ್ತಾನೆ ಎಂದು ಯಾರೂ ಹೇಳಲಿಲ್ಲ. ನಾಲ್ಕನೆಯ ದಿನ ಅಪ್ಪ ಎದ್ದು ಕೂತು ಚಹಾ ಕೇಳಿದ. ಅದನ್ನು ಕುಡಿದು ಮುಗಿಸುವವರೆಗೆ ಕಾದೆ. ಆಮೇಲೆ ತಡೆಯಲಿಲ್ಲ.

"ಯಾಕಪ್ಪಾ ಸುಳ್ಳು ಬರದಿ?"

"ಸುಳ್ಳಲ್ಲ ಅದು."

"ಮತ್ತೇನು?"

ಅವನು ಖಾಲಿ ಲೋಟ ಕೆಳಗಿಟ್ಟ. "ಸಾವಿರದ ಮ್ಯಾಲ ಬರಬೇಕು ಅಂದಿದ್ದಿಲ್ಲೇನು ಆಕಿ? ಬರಲಿಲ್ಲಂದ್ರ ಔಷಧ ಇಲ್ಲ ಅಂದಿದ್ದಿಲ್ಲೇನು? ಕಡಿಮಿ ಬರದ್ರ ಹೆಸರ ಹೊಡದು ಮನೀಗೆ ಕಳಸ್ತಾರ ಅನಕೊಂಡೆ. ನಾಳಿ ಬಂದೀತು, ನಾಡದ ಬಂದೀತು, ಬಂದ ಮ್ಯಾಲ ಸರಿ ಆಕ್ಕೈತಿ ಅಂತ ಬರಕೋತ ಹೋದೆ."

"ಯಾರಿಗರೆ ಹೇಳಬಾರದಾ?"

"ಮೂವತ್ತು ವರ್ಷ ಕಾಲುವಿ ಮ್ಯಾಲೆ ಹಂಗ ಬರದೀನಿ ಯವ್ವಾ. ಮ್ಯಾಲಿಂದ ನೀರು ಬರೂದು ಬರ್ತಿತ್ತು, ಬಿಡೂದು ಬಿಡ್ತಿತ್ತು. ಕಡಿಮಿ ಬರದ್ರ ನೀರೇನು ಹೆಚ್ಚಿಗಿ ಬರ್ತಿದ್ದಿಲ್ಲ. ನೋಟೀಸ ಬರ್ತಿತ್ತು."

ನನಗೆ ಇದು ಗೊತ್ತಿತ್ತು. ಅದನ್ನೇ ಬರೆಯಬೇಕಾಗಿದ್ದದ್ದು. ಕಾಲುವೆಯ ಪಕ್ಕದ ಆ ಸಣ್ಣ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಗೇಜ್ ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತ ಹುಡುಗಿ ನಾನೇ. ನನ್ನ ಅಕ್ಷರಗಳು ದುಂಡಗಿದ್ದವು. ಅಪ್ಪನಿಗೆ ಎಲ್ಲಿಗಾದರೂ ಹೋಗುವುದಿದ್ದರೆ "ಸಂಜೀದೂ ಬರದಿಡವಾ" ಎನ್ನುತ್ತಿದ್ದ. ಮುಂಜಾನೆಯೇ ಸಂಜೆಯ ನೀರನ್ನು ಬರೆದಿಡುತ್ತಿದ್ದೆ. ಒಂದು ಸಲ ಬರೆದೆನೋ ನೂರು ಸಲವೋ ತಿಳಿಯದು. ಒಂದು ಸಲದ್ದನ್ನು ನೆನಪು ನೂರು ಮಾಡಿರಬಹುದು. ಆದರೆ ಒಂದು ಸಲವಂತೂ ಹೌದು. ಅಂದಮೇಲೆ ಆ ದುಂಡಗಿನ ಮುನ್ನೂರುಗಳು ಹೇಗೆ ಹುಟ್ಟುತ್ತವೆ ಎಂದು ಈ ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಮನುಷ್ಯನ ಉಚ್ಚೆ ದಿನವೂ ಐವತ್ತರ ಲೆಕ್ಕದಲ್ಲಿ ಬರುವುದಿಲ್ಲ. ಅನುಮಾನ ಬಂದಿತ್ತೇ? ಡೈರಿಯಲ್ಲಿ ಇಲ್ಲ. ಬಂದಿದ್ದರೆ ಕೋಣೆಯೊಳಗೆ ಹೋಗಿ ಚೀಲ ನೋಡಬೇಕಾಗುತ್ತಿತ್ತು. ನೋಡುವುದು ಬೇಡವಾಗಿದ್ದಕ್ಕೇ ಆ ಅಂಕಿಗಳನ್ನು ನಂಬಿದೆ.

ಆ ಹನ್ನೆರಡು ದಿನಗಳಲ್ಲಿ ಕ್ರಿಯಾಟಿನಿನ್ ಮತ್ತೆ ಏರಿತ್ತು. ನಿಧಾನವಾಗಿ ಇಳಿಯಿತು, ಆದರೆ ಬೇಕಾದಷ್ಟು ಇಳಿಯಲಿಲ್ಲ. ಈ ಕ್ಯಾನ್ಸರಿಗೆ ಕೊಡುವ ಬಲವಾದ ಔಷಧ ಇನ್ನು ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದಳು. ಈ ಸೋಂಕು ಆಗದಿದ್ದರೆ ಆಗುತ್ತಿತ್ತೇ ಎಂದು ಕೇಳಿದೆ. "ಹೇಳಾಕ ಬರೂದಿಲ್ರಿ" ಎಂದಳು. ಅವಳು ನನಗೆ ಕರುಣೆ ತೋರಿಸಿದಳೋ, ನಿಜ ಹೇಳಿದಳೋ ಗೊತ್ತಿಲ್ಲ. ಎರಡನೆಯ ಔಷಧ ಇದೆ, ಮೆದುವಾದದ್ದು, ಅದನ್ನೂ ಪ್ರಮಾಣ ಇಳಿಸಿ ಕೊಡಬಹುದು. ರೋಗ ಹೋಗುವುದಿಲ್ಲ. ಕೆಲವು ತಿಂಗಳು ತಡೆಯಬಹುದು. ತಡೆಯದೆಯೂ ಇರಬಹುದು. ಕೊಡದೆ ಬಿಡುವುದೂ ಒಂದು ದಾರಿಯೇ.

ಹೇಳಿ, ಅವಳು ನನ್ನ ಕಡೆ ನೋಡಲಿಲ್ಲ. ಕುರ್ಚಿಯನ್ನು ಅಪ್ಪನ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡಳು.

"ಅಜ್ಜಾರ, ನಿಮಗೇನು ಬೇಕ್ರಿ? ನೀವ ಹೇಳ್ರಿ."

ಅಪ್ಪ ಹೊಟ್ಟೆಯ ಕಡೆ ಕೈ ತೋರಿಸಿದ.

"ಈ ನಾತ ಹೋಗಬೇಕ್ರಿ. ಮಗಳು ಮೂಗು ಮುಚ್ಚಿಕೊಳ್ಳಾಕ ನಾಚ್ತಾಳ್ರಿ. ದಮ್ಮು ಹಿಡಕೊಂಡು ನಿಂದರ್ತಾಳ. ಅದನ್ನ ನೋಡಾಕ ಆಗವಲ್ದ್ರಿ ನನಗ."

ನಾನು ಕಿಟಕಿಯ ಕಡೆ ತಿರುಗಿದೆ.

ಅವನು ಎಲ್ಲವನ್ನೂ ನೋಡಿದ್ದ. ಕೋಲು, ಲೋಟ, ಚಮಚೆ, ಹಿಡಿದ ಉಸಿರು. ಬಾಗಿಲಲ್ಲೇ ಜಗ್ ಇಡಿಸಿಕೊಂಡು ನನ್ನನ್ನು ಅಟ್ಟಿದ್ದು ಬರೀ ಅವನ ನಾಚಿಕೆಯಿಂದಲ್ಲ.

ಮನೆಗೆ ಬಂದ ಸಂಜೆ ಆರಕ್ಕೆ ನಾನೇ ಒಳಗೆ ಹೋದೆ. ಅವನು ಬೇಡ ಎನ್ನಲಿಲ್ಲ, ಗೋಡೆಯ ಕಡೆ ಮುಖ ಮಾಡಿದ. ನೆಲದ ಮೇಲೆ ಕೂತು ಎಡಚೀಲದ ನಲ್ಲಿ ತಿರುಗಿಸಿದೆ. ಬೆಚ್ಚಗಿನದು ಜಗ್ಗಿಗೆ ಬಿತ್ತು. ಒಂದು ಹನಿ ಮಣಿಕಟ್ಟಿಗೆ ಸಿಡಿಯಿತು. ಜಗ್ ಕೆಳಗಿಟ್ಟು ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಬಾಯಿ ತೊಳೆದುಕೊಂಡು ಬಂದಾಗ ಅಪ್ಪ ಗೋಡೆ ನೋಡುತ್ತಲೇ ಕೇಳಿದ.

"ಎಷ್ಟೈತಿ?"

"ಇನ್ನೂರಾ ಹದಿನೈದು."

"ಇನ್ನೂರೈವತ್ತು ಹಾಕು."

"ಇನ್ನೂರಾ ಹದಿನೈದು, ಅಪ್ಪಾ."

"ದೊಡ್ಡ ಸಾಹೇಬ್ತಿ ಬಂದ್ಲು ನೋಡು" ಎಂದ. ಬೆನ್ನು ಅಲುಗುತ್ತಿತ್ತು. ನಗುತ್ತಿದ್ದ ಎಂದುಕೊಂಡೆ. ಮುಖ ಕಾಣಲಿಲ್ಲ, ಆದ್ದರಿಂದ ನಗುತ್ತಿದ್ದ ಎಂದು ಖಚಿತವಾಗಿ ಬರೆಯಲಾರೆ.

ಪ್ರೀತಿಯ ಮುಂದೆ ಹೇಸಿಗೆ ಕರಗಿತು ಎಂದೂ ಬರೆಯಲಾರೆ. ಕರಗಿಲ್ಲ. ದಿನಕ್ಕೆ ಎರಡು ಸಲ ಹೊಟ್ಟೆ ತೊಳಸುತ್ತದೆ, ದಿನಕ್ಕೆ ಎರಡು ಸಲ ಚೀಲ ಖಾಲಿಯಾಗುತ್ತದೆ. ಹುಣ್ಣಿನ ನಾತಕ್ಕೆ ಡಾಕ್ಟರ್ ಒಂದು ಮಾತ್ರೆ ಕೊಟ್ಟಳು, ನುಂಗಲು ಅಲ್ಲ. ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಲು. ಕುಟ್ಟುವ ಕೆಲಸ ಅತ್ತಿಯದು. ಅಳವಂಡಿಯಿಂದ ಮತ್ತೆ ಬಂದು ಇಲ್ಲಿಯೇ ಉಳಿದಿದ್ದಾಳೆ. ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಿದ್ದಾಳೆ. "ಉಳ್ಳಾಗಡ್ಡಿ ಕಟ್ಟಿದಾಕಿ ನಾ ಅಲ್ಲೇನು, ಇದನ್ನೂ ನಾನ ಹಾಕ್ತೀನಿ ತಾ" ಎಂದು ಕಲ್ಲಿನಲ್ಲಿ ಮಾತ್ರೆ ಅರೆಯುತ್ತಾಳೆ. ಅದು ಅವಳ ಕ್ಷಮೆ ಕೇಳುವ ರೀತಿ. ನಾನು ಅವಳಿಗೆ ನೋಟ್‌ಬುಕ್ಕಿನ ಸಂಗತಿ ಹೇಳಿಲ್ಲ. ಹೇಳಿದರೆ ನಾನೂ ಏನನ್ನಾದರೂ ಅರೆಯಬೇಕಾಗುತ್ತದೆ.

ಹುಣ್ಣು ಒಣಗೀತು ಎಂದು ಅಪ್ಪ ಆ ಮೆದುವಾದ ಔಷಧಕ್ಕೆ ಒಪ್ಪಿದ, ಕೀಮೋ ಎರಡು ಸಲ ಆಗಿದೆ. ಅಪ್ಪ ಸೊರಗಿದ್ದಾನೆ. ನಾಲಿಗೆಗೆ ರುಚಿ ಇಲ್ಲ. ಆದರೆ ಹುಣ್ಣಿನ ಅಂಚು ಒಣಗಿ ಒಳಸರಿದಿದೆ, ವಾಸನೆ ಅರ್ಧಕ್ಕಿಂತ ಕಡಿಮೆಯಾಗಿದೆ. ಇದು ನನ್ನ ಮೂಗು ಹೇಳುವ ಮಾತು, ಮೂಗಿಗೆ ರೂಢಿಯಾಗಿರಲೂಬಹುದು. ಅದಕ್ಕೆ ಶನಿವಾರ ಬಂದ ಗಂಡನನ್ನು ಕೇಳಿದೆ. ಕಡಿಮೆಯಾಗಿದೆ ಎಂದರು.

ಇವತ್ತು ಮುಂಜಾನೆ ಆರಕ್ಕೆ ಎಡಗಡೆ ತೊಂಬತ್ತು ಬಂತು.

ಜಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ತೊಂಬತ್ತೇ. ನಿನ್ನೆ ಸಂಜೆ ಇನ್ನೂರು ಇತ್ತು. ನಾಡಿದ್ದು ಮೂರನೆಯ ಕೀಮೋ. ಪೆನ್ನು ಹಿಡಿದೆ. ನೂರೈವತ್ತು ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಸಂಜೆ ಬಂದೀತು. ನಾಳೆ ಬಂದೀತು. ಅಪ್ಪ ಆ ದಿನಗಳಲ್ಲಿ ಎಲ್ಲಿ ನಿಂತಿದ್ದನೋ ನಾನು ಸರಿಯಾಗಿ ಅಲ್ಲಿಯೇ ನಿಂತಿದ್ದೆ.

"ಎಷ್ಟು?" ಎಂದ, ಗೋಡೆಯ ಕಡೆಯಿಂದ.

ಅವನು ಈ ಕಡೆ ಹೊರಳಿದ. ನನ್ನ ಕೈಯಲ್ಲಿದ್ದ ಪೆನ್ನು ನೋಡಿದ, ಜಗ್ ನೋಡಿದ. ಮೂವತ್ತು ವರ್ಷ ಅಳತೆ ನೋಡಿದ ಕಣ್ಣು, ಅಲ್ಲಿಂದಲೇ ಗೊತ್ತಾಯಿತು.

"ಇದ್ದಷ್ಟ ಬರಿ" ಎಂದ.

ತೊಂಬತ್ತು ಎಂದು ಬರೆದೆ. ಹುಬ್ಬಳ್ಳಿಗೆ ಫೋನ್ ಮಾಡಿದೆ. ಜ್ವರ ಇದೆಯೇ ಎಂದು ಕೇಳಿದರು, ಇಲ್ಲ ಎಂದೆ. ಛಲೋ ಆತು ಬೇಗ ತಿಳಿಸಿದ್ದು, ಇವತ್ತೇ ಬನ್ನಿ, ಟ್ಯೂಬ್ ತೊಳೆದು ನೋಡೋಣ, ಬೇಕಾದರೆ ಬದಲಿಸೋಣ ಎಂದರು. ಗಾಡಿ ಒಂಬತ್ತಕ್ಕೆ ಬರುತ್ತದೆ.

"ನೋಟೀಸ ಬಂತಾ?" ಎಂದು ಅಪ್ಪ ಕೇಳಿದ.

"ಬಂತು. ಒಂಬತ್ತಕ್ಕ ಹಾಜರಾಗಬೇಕಂತ."

"ಹಂಗಾರ ಉಂಡ ಹೋಗೂಣು. ಸಾಹೇಬ್ರು ಎಷ್ಟೊತ್ತು ಕುಂದರಸ್ತಾರೋ ಏನೋ."

ಜಗ್ ತೊಳೆದು ಹಿತ್ತಲಿನ ಬಿಸಿಲಿಗೆ ಬೋರಲು ಹಾಕಿದೆ. ಕೈಯನ್ನು ಎರಡು ಸಲ ತೊಳೆದೆ. ಮೂರನೆಯ ಸಲಕ್ಕೆ ಸಾಬೂನು ಎತ್ತಿ, ಇಟ್ಟೆ. ಅತ್ತಿ ರೊಟ್ಟಿ, ಪುಂಡಿಪಲ್ಯ ಬಡಿಸಿದ್ದಳು. ಚಮಚೆಗೆ ಹಿಡಿಯುವ ಊಟವಲ್ಲ ಅದು. ಅಪ್ಪ ತುತ್ತು ಬಾಯಿಗಿಟ್ಟು, ಅಗಿಯದೆ, ನನ್ನನ್ನೇ ನೋಡುತ್ತಿದ್ದ. ನಾನು ರೊಟ್ಟಿ ಮುರಿದೆ. ಕೈ ಬಾಯಿಯ ಹತ್ತಿರ ಬಂತು. ವಾಸನೆ ಇತ್ತು. ಉಸಿರು ಹಿಡಿಯಲಿಲ್ಲ. ಉಂಡೆ.